ಅಡುಗೆಮನೆ ಕಿಟಕಿಯ ಎದುರಿಗೆ ಪಕ್ಕದವರ ಹೊಸ ಕೋಣೆ: ಈಗ ಏನು ಮಾಡಬೇಕು?

ಪಾರಿಜಾತದ ಮನೆ
ಫೆಬ್ರವರಿ 9, 2025, ರಾತ್ರಿ 9.40

ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. ಮೂವತ್ತು–ನಲವತ್ತರ ಸೈಟು, ಅಪ್ಪ 1996ರಲ್ಲಿ ಕಟ್ಟಿಸಿದ್ದು. ಮುಂದಿನ ಅರ್ಧಕ್ಕೆ ತಾರಸಿ, ಅಡುಗೆಮನೆಯಿಂದ ಹಿಂದಕ್ಕೆ ಮಂಗಳೂರು ಹೆಂಚು. ಅಪ್ಪ ಈಗಿಲ್ಲ. ಅಮ್ಮ, ನಾನು ಇಬ್ಬರೇ. ಅಣ್ಣ ಬೆಂಗಳೂರಿನಲ್ಲಿದ್ದಾನೆ.

ಪೂರ್ವಕ್ಕಿರುವ ಮನೆಯವರೊಂದಿಗೆ ಮೂವತ್ತು ವರ್ಷದ ಬಳಕೆ. ಹಲಸಿನ ಹಪ್ಪಳ ಒಣಗಿಸಲು ಅವರ ತಾರಸಿ, ಮಿಡಿ ಉಪ್ಪಿನಕಾಯಿ ಹಾಕಲು ನಮ್ಮ ಭರಣಿ ಎಂಬಷ್ಟು. ಕಳೆದ ಭಾನುವಾರ ಪಕ್ಕದ ಮನೆಯ ಮಾವ ಬಂದು ಜಗಲಿಯಲ್ಲಿ ಕುಳಿತರು. ಕಾಫಿ ಮುಗಿಯುವ ತನಕ ಅಡಿಕೆ ಧಾರಣೆ, ಮೊಣಕಾಲು ನೋವು ಎಲ್ಲ ಮಾತನಾಡಿ, ಎದ್ದು ಚಪ್ಪಲಿ ಮೆಟ್ಟುವಾಗ ಅಮ್ಮನಿಗೆ ಹೇಳಿದರು: "ಅಕ್ಕಾ, ಮಗನ ಮದುವೆ ನಿಶ್ಚಯವಾಗಿದೆ. ಯುಗಾದಿ ಕಳೆದ ಮೇಲೆ ಈ ಕಡೆಗೆ ಒಂದು ಕೋಣೆ, ಅದರ ಮೇಲೊಂದು ಕೋಣೆ ಎಬ್ಬಿಸುತ್ತೇವೆ. ನಿಮಗೆ ತೊಂದರೆಯಾಗದ ಹಾಗೆ ನೋಡಿಕೊಳ್ಳುತ್ತೇನೆ."

ಅವರ ಸೈಟು ದೊಡ್ಡದು. ಅವರ ಗೋಡೆಗೂ ನಡುವಿನ ಕಾಂಪೌಂಡಿಗೂ 13 ಅಡಿ ಖಾಲಿ ಜಾಗವಿದೆ, ಬಟ್ಟೆ ಒಗೆಯುವ ಕಲ್ಲು ಅಲ್ಲೇ. ಕಾಂಪೌಂಡಿನಿಂದ ಈಚೆಗೆ ಮೂರು ಅಡಿ ಬಿಟ್ಟು ನಮ್ಮ ಅಡುಗೆಮನೆಯ ಗೋಡೆ, ಅದರಲ್ಲಿ ಪೂರ್ವಕ್ಕೆ ಎರಡು ಕಿಟಕಿ. ದೇವರ ಕೋಣೆಯ ಗವಾಕ್ಷಿಯೂ ಅದೇ ಕಡೆ. ಮಾವ ಕೈ ತೋರಿಸಿದ್ದನ್ನು ನೋಡಿದರೆ ಕಾಂಪೌಂಡಿಗೆ ಅಂಟಿಸಿಯೇ ಕಟ್ಟುವ ಹಾಗಿದೆ. ಹಾಗಾದರೆ ಹಗಲಿನಲ್ಲೂ ದೀಪ ಹಾಕಿಕೊಂಡೇ ಅಡುಗೆ ಮಾಡಬೇಕು.

ಅಣ್ಣ ಕೋರ್ಟಿಗೆ ಹೋಗೋಣ ಎನ್ನುತ್ತಾನೆ. ಅಮ್ಮ, "ಅವರ ಜಾಗ, ಅವರು ಕಟ್ಟುತ್ತಾರೆ, ಬಾಯಿ ಮುಚ್ಚಿಕೊಂಡಿರು" ಎನ್ನುತ್ತಾಳೆ. ಅನುಭವ ಇರುವವರು ದಾರಿ ಹೇಳಿ.

ಸಾಗರದವ ಬೆಂಗಳೂರಲ್ಲಿ
ಫೆಬ್ರವರಿ 9, ರಾತ್ರಿ 10.05

ಒಂದು ದಿನವೂ ಕಾಯಬೇಡಿ. ನಾಳೆಯೇ ಪಾಲಿಕೆಗೆ ದೂರು, ಕೋರ್ಟಿನಲ್ಲಿ ಕೇವಿಯಟ್, ಠಾಣೆಯಲ್ಲಿ ಒಂದು ಅರ್ಜಿ. ಮೂರೂ ಕಡೆ ಸ್ವೀಕೃತಿ ಪಡೆಯಿರಿ. ಸಲುಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ.

ಗಾರೆ ಮೇಸ್ತ್ರಿ
ಫೆಬ್ರವರಿ 10, ಬೆಳಿಗ್ಗೆ 6.20

ಇನ್ನೂ ಗುದ್ದಲಿಯೇ ಬಿದ್ದಿಲ್ಲ, ಆಗಲೇ ಠಾಣೆಯೇ? ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ, ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಎಲ್ಲ ಕಡೆ ಕಟ್ಟಿದ್ದೇನೆ. ತಂಗೀ, ಸ್ವಲ್ಪ ಸಮಾಧಾನದಿಂದ ಕೇಳಿ.

ಕಾಂಪೌಂಡಿಗೆ ಅಂಟಿಸಿ ಕಟ್ಟಿದರೆ ತೊಂದರೆ ನೆಲದ ಮೇಲಿನದಷ್ಟೇ ಅಲ್ಲ. ಪಿಲ್ಲರು ಕಣ್ಣಿಗೆ ಕಾಣುವುದು ಒಂಬತ್ತು ಇಂಚು, ಅದರ ಕೆಳಗಿನ ಫುಟಿಂಗು ನಾಲ್ಕೈದು ಅಡಿ ಚೌಕ. ಪಿಲ್ಲರು ಗಡಿಯ ಮೇಲೆ ನಿಂತರೆ ಫುಟಿಂಗಿನ ಅರ್ಧ ನಿಮ್ಮ ಮಣ್ಣಿನೊಳಗೆ ಮಲಗುತ್ತದೆ. ಮಣ್ಣು ಮುಚ್ಚಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಬಿಟ್ಟು ನೀವು ಪಾಯ ತೋಡಿಸುವಾಗ ಪಿಕಾಸಿಗೆ ಸಿಗುತ್ತದೆ. ಗಡಿಯ ಪಿಲ್ಲರಿಗೆ ಫುಟಿಂಗು ಒಳಮುಖವಾಗಿ ಮಾತ್ರ ಚಾಚುವಂತೆ ಇಂಜಿನಿಯರು ಲೆಕ್ಕ ಹಾಕಿ, ಒಳಗಿನ ಪಿಲ್ಲರಿಗೆ ತೊಲೆಯಿಂದ ಬಿಗಿಯಬೇಕು. ಮೇಸ್ತ್ರಿ ಕಣ್ಣಳತೆಯಲ್ಲಿ ಮಾಡುವ ಕೆಲಸವಲ್ಲ ಅದು. ಮೇಸ್ತ್ರಿಯಾದ ನಾನೇ ಹೇಳುತ್ತಿದ್ದೇನೆ.

ಇನ್ನೊಂದು ಮಾತನ್ನು ನಿಮ್ಮ ಮಾವನಿಗೇ ಮುಟ್ಟಿಸಿ. ಗಡಿಗೆ ಅಂಟಿದ ಗೋಡೆಯ ಹೊರಮೈಗೆ ಗಾರೆ ಬಳಿಯುವವನು ಎಲ್ಲಿ ನಿಲ್ಲಬೇಕು? ನಿಮ್ಮ ಜಾಗದಲ್ಲಿ ಸಾರವೆ ಕಟ್ಟಬೇಕು. ನೀವು ಬೇಡವೆಂದರೆ ಇಟ್ಟಿಗೆ ಬತ್ತಲೆಯಾಗಿಯೇ ಉಳಿಯುತ್ತದೆ. ಬಯಲುಸೀಮೆಯಾದರೆ ಉಳಿದುಕೊಳ್ಳಲಿ. ನಮ್ಮ ಕಡೆ ಗಾಳಿಮಳೆ ಹೊಡೆದರೆ ಅಂಥ ಗೋಡೆ ಮೊದಲ ಮಳೆಗಾಲದಲ್ಲೇ ಒಳಗೆ ತೇವ ಬಿಡುತ್ತದೆ, ಹೊಸ ಸೊಸೆಯ ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಜಾಗ ಬಿಟ್ಟು ಕಟ್ಟುವುದರಲ್ಲಿ ಅವರದೇ ಲಾಭ ಹೆಚ್ಚು.

ಬಿಸಿಲಿನ ಚಿಂತೆ ಆಮೇಲೆ ಮಾಡಿ. ಮೊದಲು ನೀರು. ಅವರ ಹೊಸ ತಾರಸಿಯ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮ ಅಡುಗೆಮನೆಯ ಸೂರಿನ ನೀರು ಈಗ ಎಲ್ಲಿ ಬೀಳುತ್ತಿದೆ? ಟೇಪು ಹಿಡಿದು ನೋಡಿ ಹೇಳಿ.

ಪಾರಿಜಾತದ ಮನೆ
ಫೆಬ್ರವರಿ 10, ಬೆಳಿಗ್ಗೆ 7.15

ನಮ್ಮ ಸೂರನ್ನು ಯಾಕೆ ಕೇಳುತ್ತೀರಿ ಅಣ್ಣಾ? ಕಟ್ಟುತ್ತಿರುವವರು ಅವರಲ್ಲವೇ? ಆಗಲಿ, ಸಂಜೆ ಅಳೆಯುತ್ತೇನೆ.

ಹಳೆಯ ಕರಿಕೋಟು
ಫೆಬ್ರವರಿ 10, ಮಧ್ಯಾಹ್ನ 1.30

ಇಪ್ಪತ್ತೆರಡು ವರ್ಷ ಸಿವಿಲ್ ವಕೀಲಿಕೆ ಮಾಡಿ ಈಗ ತೋಟ ನೋಡಿಕೊಳ್ಳುತ್ತಿದ್ದೇನೆ. ಮೇಲಿನ ಮೂರು ಸಲಹೆಗಳಲ್ಲಿ ಎರಡು ಕೆಲಸಕ್ಕೆ ಬಾರದವು. ಕೇವಿಯಟ್ ಹಾಕಬೇಕಾದವರು ಕಟ್ಟುವವರೇ ಹೊರತು ತಡೆಯುವವರಲ್ಲ. ತನ್ನ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂದು ಮೊದಲೇ ನ್ಯಾಯಾಲಯಕ್ಕೆ ತಿಳಿಸಿಡುವ ಅರ್ಜಿ ಅದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ 90 ದಿನ ಜೀವ. ಠಾಣೆಗೆ ಹೋದರೆ "ಸಿವಿಲ್ ಸ್ವರೂಪದ ವ್ಯಾಜ್ಯ" ಎಂದು ಹಿಂಬರಹ ಸಿಗುತ್ತದೆ, ಅಷ್ಟೇ.

ಬೆಳಕಿನ ವಿಷಯಕ್ಕೆ ಬರೋಣ. ಈಸ್‌ಮೆಂಟ್ ಎಂದರೆ ನಮ್ಮ ಆಸ್ತಿಯ ಅನುಕೂಲಕ್ಕಾಗಿ ಪಕ್ಕದವರ ಜಾಗದ ಮೇಲಿರುವ ಹಕ್ಕು. 1882ರ ಈಸ್‌ಮೆಂಟ್ ಕಾಯಿದೆಯ 15ನೇ ಕಲಂ ಪ್ರಕಾರ, ಕಟ್ಟಡವೊಂದಕ್ಕೆ ಬೆಳಕು ಮತ್ತು ಗಾಳಿ 20 ವರ್ಷ ಅಡೆತಡೆಯಿಲ್ಲದೆ, ನೆಮ್ಮದಿಯಿಂದ ಬಂದಿದ್ದರೆ ಅದು ಹಕ್ಕಾಗುತ್ತದೆ. ನಿಮ್ಮ ಕಿಟಕಿಗೆ 29 ವರ್ಷ. ಆದರೆ ಒಂದಿಷ್ಟು ಬೆಳಕು ಕಡಿಮೆಯಾದ ಮಾತ್ರಕ್ಕೆ ದಾವೆ ನಿಲ್ಲುವುದಿಲ್ಲ. 33ನೇ ಕಲಂ ಗಣನೀಯ ಹಾನಿಯನ್ನು ಕೇಳುತ್ತದೆ, ಮನೆಯಲ್ಲಿ ವಾಸಿಸುವವರ ದೈಹಿಕ ನೆಮ್ಮದಿಗೆ ನಿಜವಾಗಿ ಧಕ್ಕೆಯಾಗಬೇಕು. ಹಗಲು ಹನ್ನೊಂದಕ್ಕೂ ದೀಪವಿಲ್ಲದೆ ಅಕ್ಕಿ ಆರಿಸಲಾಗದು ಎಂಬ ಸ್ಥಿತಿ ಬಂದರೆ ವಾದಕ್ಕೆ ಬಲ. ಬೆಳಗಿನ ಎಳೆಬಿಸಿಲು ತಪ್ಪಿತು, ಅವರ ತೆಂಗಿನ ಮರ ಕಾಣುವುದಿಲ್ಲ ಎಂದರೆ ಇಲ್ಲ.

ಪರವಾನಗಿಯ ದಾರಿ ಬೇರೆ. ಪಾಲಿಕೆಯ ವ್ಯಾಪ್ತಿಯಲ್ಲಿ ಹೊಸ ಕೋಣೆ ಸೇರಿಸಲೂ ಅನುಮೋದಿತ ನಕ್ಷೆ ಬೇಕು. ಸುತ್ತ ಎಷ್ಟು ಜಾಗ ಬಿಡಬೇಕೆಂಬುದು ಸೈಟಿನ ಅಳತೆ ಮತ್ತು ಕಟ್ಟಡದ ಎತ್ತರದ ಮೇಲೆ ವಲಯ ನಿಯಮಾವಳಿಯಲ್ಲಿದೆ. ನಕ್ಷೆ ಮೀರಿ ಕಟ್ಟಿದರೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆಯ 321ನೇ ಕಲಮಿನಡಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳಿ ನೋಟಿಸು, ಆಮೇಲೆ ಅಂತಿಮ ಆದೇಶ ಮಾಡಬಹುದು. ಇದೆಲ್ಲ ಕಟ್ಟಿದ ಮೇಲಿನ ಕಥೆ. ನಿಮಗಿರುವ ಅನುಕೂಲವೆಂದರೆ ಕಟ್ಟುವ ಮೊದಲೇ ವಿಷಯ ತಿಳಿದಿದೆ. ಅದೇ ಅಪಾಯವೂ ಹೌದು. ನಾಳೆ ತಾರಸಿ ಬಿದ್ದ ಮೇಲೆ ಹೋದರೆ ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆ, "ಫೆಬ್ರವರಿಯಲ್ಲೇ ಗೊತ್ತಿತ್ತಲ್ಲ, ಯಾಕೆ ಸುಮ್ಮನಿದ್ದಿರಿ?" ನಿಮ್ಮ ಅಮ್ಮನ ದಾರಿಯ ತೊಡಕು ಅಲ್ಲಿದೆ.

ಕೊನೆಗೆ ದಾವೆಯೇ ಗತಿ ಎಂದಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅಮ್ಮನ ಹೆಸರಿನಲ್ಲಿ ಖಾತೆಯಿದ್ದರೆ ಅವರೇ ಅರ್ಜಿ ಹಾಕಬಹುದು.

ಸಾಗರದವ ಬೆಂಗಳೂರಲ್ಲಿ
ಫೆಬ್ರವರಿ 10, ಮಧ್ಯಾಹ್ನ 2.10

ಕೇವಿಯಟ್ ವಿಷಯದಲ್ಲಿ ತಪ್ಪಿದೆ, ಒಪ್ಪಿದೆ. ದೂರು ಕೊಡಬೇಕು ಎಂಬ ಮಾತನ್ನು ಮಾತ್ರ ಹಿಂದಕ್ಕೆ ಪಡೆಯುವುದಿಲ್ಲ.

ಒಂಬತ್ತು ಇಂಚು
ಫೆಬ್ರವರಿ 10, ಸಂಜೆ 4.45

ದೂರು ಕೊಟ್ಟ ಮನೆಯಲ್ಲೇ ಬೆಳೆದವನು ನಾನು. ತೀರ್ಥಹಳ್ಳಿ ತಾಲ್ಲೂಕಿನ ಊರು. ನಮ್ಮ ಅಜ್ಜನಿಗೂ ಆಚೆಮನೆಯ ಅಜ್ಜನಿಗೂ ಕೊಟ್ಟಿಗೆ ವಿಸ್ತರಿಸುವ ವಿಷಯದಲ್ಲಿ ಜಗಳ. ನನ್ನ ಹೆಸರೇ ಆ ಜಗಳದ ಅಳತೆ. ಗೋಡೆ ನಮ್ಮ ಕಡೆಗೆ ಒಂಬತ್ತು ಇಂಚು ಬಂದಿತ್ತು, ಅದು ನಿಜ. ದಾವೆ ಹೂಡಿದರು. ಹದಿನಾಲ್ಕು ವರ್ಷ ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬರು ಮುಂದಿನ ಬಾಗಿಲಿನ ಹತ್ತಿರ, ಒಬ್ಬರು ಹಿಂದಿನ ಸೀಟಿನಲ್ಲಿ ಕುಳಿತು ಹೋಗಿ ಬಂದರು. ಬಾವಿ ಇದ್ದದ್ದು ಅವರ ಹಿತ್ತಲಿನಲ್ಲಿ. ಅಲ್ಲಿಯ ತನಕ ಎರಡೂ ಮನೆ ಅದೇ ನೀರು ಕುಡಿಯುತ್ತಿತ್ತು. ದಾವೆ ಹೂಡಿದ ವಾರವೇ ನಡುವಿನ ದಣಪೆಗೆ, ಅಂದರೆ ಬೇಲಿ ದಾಟುವ ದಾರಿಗೆ, ಮುಳ್ಳು ಬಿತ್ತು. ಅಜ್ಜಿ ಎರಡು ಬೇಸಿಗೆ ಕೆಳಗಿನ ಹಳ್ಳದಿಂದ ನೀರು ಹೊತ್ತರು. ಆಮೇಲೆ ನಾವು ಬಾವಿ ತೋಡಿಸಿದೆವು, ಮೊದಲನೆಯದಕ್ಕೆ ಬಂಡೆ ಸಿಕ್ಕಿತು, ಇನ್ನೊಂದು ತೋಡಿಸಿದೆವು.

ಕೇಸು ನಾವೇ ಗೆದ್ದೆವು. ಆ ಹೊತ್ತಿಗೆ ಅವರು ದನ ಕಟ್ಟುವುದನ್ನೇ ಬಿಟ್ಟಿದ್ದರು, ಕೊಟ್ಟಿಗೆ ತಾನಾಗಿಯೇ ಬಿದ್ದಿತ್ತು.

ಪಾರಿಜಾತದ ಮನೆ
ಫೆಬ್ರವರಿ 10, ರಾತ್ರಿ 8.50

ಮೇಸ್ತ್ರಿ ಅಣ್ಣ ಹೇಳಿದ ಹಾಗೆ ಅಳೆದೆ. ಅಳೆದು ಮುಖ ಸಣ್ಣಗಾಗಿದೆ.

ಅಡುಗೆಮನೆಯ ಗೋಡೆಗೆ ಇರಚಲು ಹೊಡೆಯುತ್ತದೆ ಎಂದು ಅಪ್ಪ ಯಾವಾಗಲೋ ಸೂರನ್ನು ಮುಂದಕ್ಕೆ ಇಳಿಸಿದ್ದರು. ಈಗ ಅದು ಗೋಡೆಯಿಂದ ಎರಡೂ ಮುಕ್ಕಾಲು ಅಡಿ ಹೊರಗಿದೆ. ಕಾಂಪೌಂಡಿಗೆ ಉಳಿದಿರುವುದು ಮೂರೇ ಇಂಚು. ಸೂರಿನ ನೀರು ಹಿಡಿಯುವ ದೋಣಿ ಕಟ್ಟಿಲ್ಲ. ಅಂದರೆ ಜೋರು ಮಳೆಯಲ್ಲಿ ಹೆಂಚಿನ ನೀರು ಚಿಮ್ಮಿ ನೇರ ಆಚೆ ಬೀಳುತ್ತದೆ, ಅವರ ಒಗೆಯುವ ಕಲ್ಲಿನ ಮೇಲೆ. ಅಷ್ಟೇ ಅಲ್ಲ. ನೆಲ ಪೂರ್ವಕ್ಕೆ ಇಳಿಜಾರು. ಕಾಂಪೌಂಡಿನ ಬುಡದಲ್ಲಿ ಒಂದು ತೂತು ಇದೆ. ನಮ್ಮ ಹಿತ್ತಲಿನ ನೀರೆಲ್ಲ ಅದರ ಮೂಲಕ ಅವರ ಜಾಗಕ್ಕೆ ಇಳಿದು, ಅಲ್ಲಿಂದ ರಸ್ತೆಯ ಚರಂಡಿ ಸೇರುತ್ತದೆ. ನಾನು ಹುಟ್ಟಿದಾಗಿನಿಂದ ಆ ತೂತನ್ನು ನೋಡಿದ್ದೇನೆ. ಅದರಲ್ಲಿ ಕಾಗದದ ದೋಣಿ ಬಿಟ್ಟಿದ್ದೇನೆ. ಅದು ಯಾರ ಜಾಗಕ್ಕೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇಷ್ಟು ವರ್ಷ ಮಾವ ಒಂದು ಮಾತು ಆಡಿಲ್ಲ.

ಗಾರೆ ಮೇಸ್ತ್ರಿ
ಫೆಬ್ರವರಿ 10, ರಾತ್ರಿ 9.10

ಅದಕ್ಕೇ ಕೇಳಿದ್ದು. ಹೆಂಚಿನ ಮನೆ ಅಂದ ಕೂಡಲೇ ಅನುಮಾನ ಬಂತು. ಈಗ ಲೆಕ್ಕ ಹಾಕಿ: ಅವರು ಅಂಟಿಸಿ ಗೋಡೆ ಎಬ್ಬಿಸಿದರೆ ನಿಮ್ಮ ಸೂರಿನ ನೀರು ಹೊಸ ಗೋಡೆಗೆ ಹೊಡೆದು ನಿಮ್ಮ ಕಡೆಗೇ ತಿರುಗುತ್ತದೆ. ತೂತು ಮುಚ್ಚುತ್ತದೆ. ಆ ಮೂರು ಅಡಿ ಸಂದಿ ಕೆರೆಯಾಗುತ್ತದೆ, ನಿಮ್ಮ ಪಾಯ ನೀರು ಕುಡಿಯುತ್ತದೆ. ಕಿಟಕಿಗೆ ಬೆಳಕಿಲ್ಲದಿದ್ದರೆ ಸ್ವಿಚ್ಚು ಒತ್ತಬಹುದು. ಪಾಯ ಕೂತರೆ ಒತ್ತಲು ಸ್ವಿಚ್ಚಿಲ್ಲ.

ಹಳೆಯ ಕರಿಕೋಟು
ಫೆಬ್ರವರಿ 10, ರಾತ್ರಿ 10.00

ಮೇಲಿನ ನೆಲದಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ನೆಲಕ್ಕೆ ಹರಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ. ಈಸ್‌ಮೆಂಟ್ ಕಾಯಿದೆಯ 7ನೇ ಕಲಂ ಇದನ್ನು ನೆಲದ ಸಹಜ ಹಕ್ಕುಗಳಲ್ಲೇ ಸೇರಿಸಿದೆ. ಆದರೆ ಮಾಡಿನಿಂದ ಒಟ್ಟಾಗಿ ಬೀಳುವ ಸೂರಿನ ನೀರು ಸಹಜ ಹರಿವಲ್ಲ. ಅದನ್ನು ಇನ್ನೊಬ್ಬರ ಜಾಗದಲ್ಲಿ ಬೀಳಿಸಲು ಹಕ್ಕು ಸಂಪಾದಿಸಬೇಕು. ಇಷ್ಟು ವರ್ಷದ ರೂಢಿಯಿಂದ ಅದು ನಿಮಗೆ ಬಂದಿದೆ ಎಂದು ವಾದಿಸಬಹುದು, ಅವರು ಒಪ್ಪಿಗೆ ಕೊಟ್ಟು ಬಿಟ್ಟಿದ್ದಷ್ಟೇ ಎಂದು ಅವರೂ ವಾದಿಸಬಹುದು. ನಾನು ಯಾರ ಪರ ನಿಂತರೂ ಶುಲ್ಕ ಮಾತ್ರ ಗ್ಯಾರಂಟಿ.

ನಿಮ್ಮ ಅಣ್ಣನಿಗೆ ಈ ಅಳತೆಗಳನ್ನು ಕಳುಹಿಸಿ.

ಮಲೆನಾಡ ವಾಸ್ತು
ಫೆಬ್ರವರಿ 11, ಬೆಳಿಗ್ಗೆ 11.00

ಯಾರೂ ಮುಖ್ಯ ವಿಷಯ ಎತ್ತಲಿಲ್ಲ. ಪೂರ್ವ ಮುಚ್ಚಿದರೆ ಮನೆಯ ಯಜಮಾನನಿಗೆ ಏಳಿಗೆ ಇರುವುದಿಲ್ಲ. ಈಶಾನ್ಯದಲ್ಲಿ ಭಾರ ಹೇರಿದರೆ

ನಿರ್ವಾಹಕರು
ಫೆಬ್ರವರಿ 11, ಬೆಳಿಗ್ಗೆ 11.20

ಮುಂದಿನ ಸಾಲುಗಳನ್ನೂ ಫೋನ್ ಸಂಖ್ಯೆಯನ್ನೂ ತೆಗೆಯಲಾಗಿದೆ. ವಾಸ್ತುವಿಗೆ ಬೇರೆ ವಿಭಾಗವಿದೆ.

ಅಡಿಕೆ ಅಂಗಳ
ಫೆಬ್ರವರಿ 12, ಮಧ್ಯಾಹ್ನ 12.15

ನಮ್ಮದೂ ಇದೇ ಗೋಳು, ಇಲ್ಲೇ ಕೇಳುತ್ತೇನೆ. ಹೊಸನಗರ ಕಡೆ. ಪಕ್ಕದವರು ನಮ್ಮ ಅಂಗಳದ ದಕ್ಷಿಣಕ್ಕೆ, ಗಡಿಯಿಂದ ಆರು ಅಡಿ ಬಿಟ್ಟು, ಮನೆಗೆ ಮಹಡಿ ಏರಿಸುತ್ತಿದ್ದಾರೆ. ಎತ್ತರ ಸುಮಾರು 20 ಅಡಿ. ಮೂರು ತಲೆಮಾರಿನಿಂದ ಅಡಿಕೆ ಒಣಗಿಸುವ ಅಂಗಳ ಇದು. ಬೇಯಿಸಿ ತೆಗೆದ ಅಡಿಕೆಗೆ ಬಿಸಿಲು ತಪ್ಪಿದರೆ ಬೂಷ್ಟು ಬಂದು ಬಣ್ಣ ಕೆಡುತ್ತದೆ, ಮಂಡಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅವರು ಹೇಳುವುದು, "ಏಪ್ರಿಲ್‌ನಲ್ಲಿ ನೋಡಿ, ನೆರಳೇ ಬೀಳುವುದಿಲ್ಲ." 20 ವರ್ಷದ ಹಕ್ಕು ನಮಗೂ ಇದೆಯಲ್ಲವೇ?

ಭೂಗೋಳದ ಮೇಷ್ಟ್ರು
ಫೆಬ್ರವರಿ 12, ಸಂಜೆ 5.30

ಏಪ್ರಿಲ್‌ನಲ್ಲಿ ನೆರಳು ಬೀಳುವುದಿಲ್ಲ ಎಂಬುದು ಸರಿ, ಅದರಲ್ಲೇ ಮೋಸ. ನಮ್ಮ ಜಿಲ್ಲೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನಡುವಿನ ದಿನಗಳಲ್ಲಿ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಆಗ ಅಂಗಳದಲ್ಲಿ ಅಡಿಕೆ ಎಲ್ಲಿರುತ್ತದೆ?

ನಿಮಗೆ ಬೇಕಾದದ್ದು ಕೊಯ್ಲಿನ ಕಾಲದ ಲೆಕ್ಕ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರ, ಅದೂ ದಕ್ಷಿಣಕ್ಕೆ. 20 ಅಡಿ ಗೋಡೆಯ ನೆರಳು ಉತ್ತರಕ್ಕೆ 15 ಅಡಿ ಚಾಚುತ್ತದೆ. ಗಡಿಯ ತನಕದ ಆರು ಅಡಿ ಕಳೆಯಿರಿ, ನಿಮ್ಮ ಅಂಗಳದೊಳಗೆ ಒಂಬತ್ತು ಅಡಿ. ನಡುಹಗಲಿಗೆ ಮೂರು ಗಂಟೆ ಮುಂಚೆ ಮತ್ತು ಮೂರು ಗಂಟೆ ನಂತರ ಗೋಡೆಯ ಮೂಲೆಯ ನೆರಳು ಓರೆಯಾಗಿ 30 ಅಡಿ ದಾಟುತ್ತದೆ, ಬೆಳಿಗ್ಗೆ ವಾಯವ್ಯಕ್ಕೆ, ಸಂಜೆ ಈಶಾನ್ಯಕ್ಕೆ. ಒಂದು ಬಿದಿರಿನ ಗಳ ನೆಟ್ಟು ಸುಣ್ಣದಲ್ಲಿ ನೆರಳಿನ ಗುರುತು ಹಾಕಿ ತೋರಿಸಿ. ಡಿಸೆಂಬರ್ ತನಕ ಕಾಯಬೇಕಾಗಿಲ್ಲ, ಅನುಪಾತ ಹಿಡಿದು ಈಗಲೇ ಹೇಳಬಹುದು. ನಿವೃತ್ತಿಯಾದ ಮೇಲೆ ಯಾರೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ, ಅದಕ್ಕೇ ಉದ್ದವಾಯಿತು.

ಹಳೆಯ ಕರಿಕೋಟು
ಫೆಬ್ರವರಿ 12, ರಾತ್ರಿ 8.00

ಮೇಷ್ಟ್ರ ಗಣಿತ ಗಟ್ಟಿಯಾಗಿದೆ, ಕಾನೂನು ಮಾತ್ರ ನಿಮ್ಮ ಕೈ ಹಿಡಿಯುವುದಿಲ್ಲ. ಅದೇ ಕಾಯಿದೆಯ 17ನೇ ಕಲಂ ಹೇಳುತ್ತದೆ: ತೆರೆದ ನೆಲಕ್ಕೆ ಬರುವ ಬೆಳಕು, ಗಾಳಿಗೆ ಎಷ್ಟೇ ವರ್ಷವಾದರೂ ರೂಢಿಯ ಹಕ್ಕು ಹುಟ್ಟುವುದಿಲ್ಲ. ಕಟ್ಟಡದ ಕಿಟಕಿಗೆ ಉಂಟು, ಅಂಗಳಕ್ಕೆ ಇಲ್ಲ. ಮಲೆನಾಡಿನ ಅರ್ಧ ಬದುಕು ಅಂಗಳದಲ್ಲೇ ನಡೆಯುತ್ತದೆ ಎಂಬುದು 1882ರಲ್ಲಿ ಕಾಯಿದೆ ಬರೆದವರ ಗಮನಕ್ಕೆ ಬಂದಿರಲಾರದು. ಪಂಚಾಯಿತಿಯ ಪರವಾನಗಿ ಇದೆಯೇ, ಗಡಿ ಸರಿಯೇ ಎಂಬುದನ್ನು ನೋಡಿ. ಬೇಕಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸುವುದಕ್ಕೆ, ಅರ್ಜಿ ಹಾಕಿ. ಬಿಸಿಲಿನ ಹೆಸರಿನಲ್ಲಿ ದಾವೆ ಬೇಡ.

ಅಡಿಕೆ ಅಂಗಳ
ಫೆಬ್ರವರಿ 12, ರಾತ್ರಿ 8.25

ಅಂದರೆ ದನದ ಕೊಟ್ಟಿಗೆಯ ಕಿಟಕಿಗೆ ಹಕ್ಕಿದೆ, ವರ್ಷದ ಅನ್ನ ಒಣಗುವ ಅಂಗಳಕ್ಕಿಲ್ಲ.

ಹಳೆಯ ಕರಿಕೋಟು
ಫೆಬ್ರವರಿ 12, ರಾತ್ರಿ 8.30

ಹೌದು.

ಧರೆಯ ಕೆಳಗೆ
ಫೆಬ್ರವರಿ 13, ಬೆಳಿಗ್ಗೆ 9.00

ಕಿಟಕಿ, ಅಂಗಳ ಎರಡೂ ಆಯಿತು. ಆಗುಂಬೆ ಕಡೆಯ ಗುಡ್ಡದ ಮನೆಗಳವರಿಗೆ ಒಂದು ಎಚ್ಚರಿಕೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಮನೆ ವಿಸ್ತರಿಸಲು ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಇಳಿಜಾರಿನ ಮಣ್ಣನ್ನು, ಜೆಸಿಬಿಯಿಂದ ನೆಟ್ಟಗೆ ಕಡಿಯುತ್ತಾರೆ. ಕಡಿದ ದಿನ ಕೆಂಪು ಮಣ್ಣು ಗೋಡೆಯ ಹಾಗೆ ಚೆಂದವಾಗಿ ನಿಂತಿರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಕೆಳಗಿನ ಮನೆಯವರು ಕಡಿದ ಧರೆ ಜಾರಿ, ಅದರ ಜೊತೆಗೆ ಮೇಲಿದ್ದ ನಮ್ಮ ಹಿತ್ತಲಿನ ನಾಲ್ಕು ಅಡಿಕೆ ಮರ ಅವರ ಹೊಸ ಅಡುಗೆಮನೆಯ ಮೇಲೆ ಮಲಗಿದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಪಕ್ಕದ ನೆಲ ನಮ್ಮ ನೆಲಕ್ಕೆ ಸಹಜವಾಗಿ ಕೊಡುವ ಆಸರೆಯೂ ಕಾನೂನಿನ ಹಕ್ಕು ಎಂದು ಆಮೇಲೆ ತಿಳಿಯಿತು. ವಕೀಲರು ಹೇಳಿದ 7ನೇ ಕಲಮಿನಲ್ಲೇ ಇದೆಯಂತೆ.

ಪಾರಿಜಾತದ ಮನೆ
ಫೆಬ್ರವರಿ 23, ರಾತ್ರಿ 9.15

ಇವತ್ತು ಮಾವನ ಮನೆಗೆ ಹೋಗಿದ್ದೆ, ಅಮ್ಮನನ್ನೂ ಕರೆದುಕೊಂಡು. ಅಣ್ಣ ಹಿಂದಿನ ರಾತ್ರಿಯೇ ಬಂದಿದ್ದ. ಅವನಿಗೆ ಸೂರು ತೋರಿಸಿದ ಮೇಲೆ ಕೋರ್ಟಿನ ಮಾತು ಸ್ವಲ್ಪ ತಗ್ಗಿದೆ.

ಕಿಟಕಿಯ ವಿಷಯ ಮೊದಲು ಎತ್ತಲಿಲ್ಲ. "ಮಾವ, ನಮ್ಮ ಸೂರಿನ ನೀರು ಇಷ್ಟು ವರ್ಷ ನಿಮ್ಮ ಕಲ್ಲಿನ ಮೇಲೆ ಬೀಳುತ್ತಿದೆ, ನೀವು ಹೇಳಲೇ ಇಲ್ಲ" ಎಂದೆ. ಅತ್ತೆ ಒಳಗಿನಿಂದಲೇ ನಕ್ಕರು. "ಮಳೆಗಾಲದಲ್ಲಿ ಬಟ್ಟೆಗೆ ನೀರು ಸೇದುವ ಕೆಲಸ ಇರುತ್ತಿರಲಿಲ್ಲ" ಎಂದರು. ಮಾವ ಮಾತ್ರ ನಗಲಿಲ್ಲ. ಒಂದು ವರ್ಷ ಅದರಿಂದ ಅವರ ಗೋಡೆಯ ಬುಡ ಸಡಿಲವಾಗಿ ಕಲ್ಲು ಕಟ್ಟಿಸಬೇಕಾಯಿತಂತೆ. ಅಪ್ಪನಿಗೆ ಹೇಳಬೇಕೆಂದುಕೊಂಡಿದ್ದರಂತೆ. ಅದೇ ವರ್ಷ ಅಪ್ಪನಿಗೆ ಕಾಯಿಲೆ ಶುರುವಾಯಿತು.

ನಕ್ಷೆ ಕೇಳಿದೆ. ಒಳಗಿನಿಂದ ತಂದದ್ದು ಯಾರದೋ ಮದುವೆಯ ಆಮಂತ್ರಣ ಪತ್ರಿಕೆ, ಅದರ ಹಿಂಬದಿಯಲ್ಲಿ ಅವರ ಮೇಸ್ತ್ರಿ ಪೆನ್ಸಿಲಿನಲ್ಲಿ ಎಳೆದ ನಾಲ್ಕು ಗೆರೆ. ಪಾಲಿಕೆಗೆ ಅರ್ಜಿ ಹಾಕಿಲ್ಲ. "ಒಂದು ಕೋಣೆಗೆ ಏನು ಪರವಾನಗಿ" ಎಂದುಕೊಂಡಿದ್ದರು. ಮಗ ಸುಮ್ಮನೆ ಕುಳಿತಿದ್ದ, ಅವನೇ ಬಾಯಿ ಬಿಟ್ಟ. ಮೇಲಿನ ಕೋಣೆಗೆ ಬೇರೆ ಮೀಟರು ಬೇಕು, ಮೆಸ್ಕಾಂನಲ್ಲಿ ಕಾಗದ ಕೇಳುತ್ತಾರೆ ಎಂದ. ಹೊರಗೋಡೆಗೆ ಗಾರೆ ಬಳಿಯುವ ಮಾತನ್ನು ಅಣ್ಣ ಹೇಳಿದ. ಮಾವ ಎದ್ದು ಹೋಗಿ ಕಾಂಪೌಂಡಿನ ಪಕ್ಕ ನಿಂತು ಬಹಳ ಹೊತ್ತು ನೋಡಿದರು.

ಒಪ್ಪಿಗೆ ಇನ್ನೂ ಆಗಿಲ್ಲ. ಜಗಳವೂ ಆಗಿಲ್ಲ. ಬರುವಾಗ ಅತ್ತೆ ಅರ್ಧ ಹಲಸಿನಕಾಯಿ ಕೊಟ್ಟರು.

ಹಳೆಯ ಕರಿಕೋಟು
ಫೆಬ್ರವರಿ 23, ರಾತ್ರಿ 9.50

ಆ ಹುಡುಗ ಹೇಳಿದ್ದು ಸರಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳಲ್ಲಿ, ಅನುಮೋದಿತ ನಕ್ಷೆಯನ್ನು ಕಟ್ಟುವ ಜಾಗದಲ್ಲಿ ಕಾಣುವಂತೆ ಹಾಕಬೇಕು, ವಿದ್ಯುತ್ತು ಮತ್ತು ನೀರಿನ ಸಂಪರ್ಕ ಕೊಡುವ ಮೊದಲು ಪೂರ್ಣತೆಯ ಪ್ರಮಾಣಪತ್ರ ನೋಡಬೇಕು ಎಂದಿದೆ. ನಕ್ಷೆ ಮಾಡಿಸುವುದು ಈಗ ಅವರಿಗೇ ಅಗತ್ಯ. ಇಂಜಿನಿಯರು ನಕ್ಷೆ ಬರೆದರೆ ಪಕ್ಕದಲ್ಲಿ ಬಿಡಬೇಕಾದ ಜಾಗ ತಾನಾಗಿಯೇ ಅದರಲ್ಲಿ ಬರುತ್ತದೆ. ನಿಮ್ಮ ವಾದದ ಅರ್ಧವನ್ನು ಇಂಜಿನಿಯರು ಮಾಡುತ್ತಾರೆ.

ಸಾಗರದವ ಬೆಂಗಳೂರಲ್ಲಿ
ಫೆಬ್ರವರಿ 24, ಬೆಳಿಗ್ಗೆ 8.00

ನಕ್ಷೆ ತೋರಿಸುತ್ತೇವೆ ಎಂದು ಹೇಳಿ ಬೇರೆಯೇ ಕಟ್ಟಿದರೆ? ಮಾಹಿತಿ ಹಕ್ಕಿನಲ್ಲಿ ಪ್ರತಿ ತೆಗೆದಿಟ್ಟುಕೊಳ್ಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಈ ಸಲವಾದರೂ ಸರಿ ಹೇಳಿದೆನೇ?

ಹಳೆಯ ಕರಿಕೋಟು
ಫೆಬ್ರವರಿ 24, ಬೆಳಿಗ್ಗೆ 8.40

ಸರಿ. ಆದರೆ ಕೇಳಿದರೆ ಕೈಗೇ ಕೊಡುವವರ ಹತ್ತಿರ ಮೊದಲು ಕೇಳಲಿ.

ಪಾರಿಜಾತದ ಮನೆ
ಮಾರ್ಚ್ 16, ಸಂಜೆ 6.30

ಇಂಜಿನಿಯರ ನಕ್ಷೆ ಬಂತು, ಮಾವ ತಾವೇ ತಂದು ತೋರಿಸಿದರು. ಕೋಣೆ ಕಾಂಪೌಂಡಿನಿಂದ ಮೂರು ಅಡಿ ಹಿಂದಕ್ಕೆ ಹೋಗಿದೆ, ಒಳಗೆ ಅವರಿಗೆ ಹತ್ತು ಅಡಿ ಅಗಲ ಉಳಿಯುತ್ತದೆ. ಮೇಲಿನ ಕೋಣೆಯನ್ನು ಹೊಸದರ ಮೇಲೆ ಬಿಟ್ಟು ಹಳೆಯ ತಾರಸಿಯ ಮೇಲೆ ಹಾಕಿದ್ದಾರೆ. ಇದು ನಮಗಾಗಿ ಅಲ್ಲ, ಹಳೆಯ ಮೆಟ್ಟಿಲು ಆ ಕಡೆಗಿರುವುದರಿಂದ ಖರ್ಚು ಕಡಿಮೆಯಂತೆ. ಯಾವುದಾದರೇನು.

ನಾವು ಒಪ್ಪಿಕೊಂಡದ್ದು: ಸೂರನ್ನು ಒಂದು ಅಡಿ ಹಿಂದಕ್ಕೆ ಕತ್ತರಿಸಿ ದೋಣಿ ಕಟ್ಟಿಸುವುದು, ನಮ್ಮ ಖರ್ಚು. ಅವರು ಬಿಡುವ ಮೂರು ಅಡಿಯಲ್ಲಿ ಒಂದು ಚರಂಡಿ. ತೂತಿನ ನೀರೂ ಅವರ ತಾರಸಿಯ ನೀರೂ ಅದರಲ್ಲಿ ರಸ್ತೆಗೆ ಹೋಗಬೇಕು. ಖರ್ಚು ಸಮಪಾಲು. ಒಂದು ಮಾತಿಗೆ ಮಾತ್ರ ಮಾವ ಒಪ್ಪಲಿಲ್ಲ. ಸ್ನಾನದ ಮನೆಯ ಗವಾಕ್ಷಿ ನಮ್ಮ ಅಡುಗೆಮನೆಯ ಎದುರಿಗೇ ಬರುತ್ತದೆ, ಬೇರೆ ಕಡೆ ಜಾಗವಿಲ್ಲ ಎಂದರು. ಅಮ್ಮನಿಗೆ ಬೇಸರವಾಗಿದೆ.

ಇದನ್ನು ಕಾಗದದಲ್ಲಿ ಬರೆಸಬೇಕೇ? ಬರೆಸೋಣ ಎಂದರೆ ನಂಬಿಕೆ ಇಲ್ಲವೇ ಎಂದುಕೊಂಡಾರು ಎಂಬ ಭಯ.

ಹಳೆಯ ಕರಿಕೋಟು
ಮಾರ್ಚ್ 16, ರಾತ್ರಿ 8.15

ಬರೆಸಿ. ನಿಮಗಾಗಿ ಅಲ್ಲ, ಮುಂದೆ ಆ ಮನೆ ಕೊಳ್ಳುವವನಿಗಾಗಿ ಎಂದು ಹೇಳಿ. ಛಾಪಾ ಕಾಗದದಲ್ಲಿ, ಎರಡೂ ಮನೆಯ ಖಾತೆದಾರರೆಲ್ಲ ಸಹಿ ಹಾಕಿ, ಇಬ್ಬರು ಸಾಕ್ಷಿ. ಎರಡೂ ಕ್ರಯಪತ್ರದ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ನಮೂದಿಸಿ. ಕೈಬರಹದ ನಕ್ಷೆಯೊಂದನ್ನು ಲಗತ್ತಿಸಿ. ಅಳತೆಯನ್ನು ಕಾಂಪೌಂಡಿನಿಂದ ಬರೆಯಬೇಡಿ, ಕಾಂಪೌಂಡು ಬೀಳುತ್ತದೆ, ಹೊಸದಾಗಿ ಕಟ್ಟುವಾಗ ಸರಿಯುತ್ತದೆ. ನಿಮ್ಮ ಅಡುಗೆಮನೆಯ ಗೋಡೆಯಿಂದ ಬರೆಯಿರಿ. ಚರಂಡಿಯ ಹಕ್ಕು ಶಾಶ್ವತವಾಗಿ ಬೇಕಾದರೆ ಬರಿಯ ಛಾಪಾ ಕಾಗದ ಸಾಲದು, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಇನ್ನೊಂದು, ನಿಯಮಾವಳಿಯ ಪ್ರಕಾರ ಬಿಡಬೇಕಾದ ಜಾಗವನ್ನು ನೀವಿಬ್ಬರೂ ಒಪ್ಪಿ ಕಡಿಮೆ ಮಾಡಿಕೊಳ್ಳಲಾಗದು.

ಗವಾಕ್ಷಿಯ ವಿಷಯದಲ್ಲಿ ಕಾನೂನಿಗಿಂತ ಮೇಸ್ತ್ರಿ ಉಪಯೋಗಕ್ಕೆ ಬಂದಾರು.

ಗಾರೆ ಮೇಸ್ತ್ರಿ
ಮಾರ್ಚ್ 17, ಬೆಳಿಗ್ಗೆ 6.10

ನೆಲದಿಂದ ಏಳು ಅಡಿ ಎತ್ತರಕ್ಕೆ ಏರಿಸಿ, ಕೆಳಮುಖ ಓರೆ ಗಾಜಿನ ಪಟ್ಟಿ ಹಾಕಲು ಹೇಳಿ. ಗಾಳಿ ಆಡುತ್ತದೆ, ಕಣ್ಣು ಆಡುವುದಿಲ್ಲ. ದೋಣಿ ಕಟ್ಟಿಸುವಾಗ ಅಗಲವಾದದ್ದೇ ಹಾಕಿಸಿ, ಆರಿದ್ರಾ ಮಳೆಗೆ ನಾಲ್ಕು ಇಂಚಿನದು ಉಕ್ಕುತ್ತದೆ. ಹತ್ತು ಅಡಿಗೆ ಒಂದು ಇಂಚಾದರೂ ಇಳಿಜಾರು ಇರಲಿ. ಹಿಂದೆ ಅಡಿಕೆ ಮರ ಸೀಳಿ ದೋಣಿ ಮಾಡುತ್ತಿದ್ದರು, ಅದು ಎಷ್ಟು ಅಗಲ ಇರುತ್ತಿತ್ತು ನೆನಪಿಸಿಕೊಳ್ಳಿ.

ಅಡಿಕೆ ಅಂಗಳ
ಏಪ್ರಿಲ್ 21, ರಾತ್ರಿ 8.00

ನಮ್ಮದರ ಸಮಾಚಾರ. ಮೇಷ್ಟ್ರು ಹೇಳಿದ ಹಾಗೆ ಗಳ ನೆಟ್ಟು ಸುಣ್ಣ ಹಾಕಿ ತೋರಿಸಿದೆ. ಪಕ್ಕದವರು ಬಂದು ನೋಡಿ "ಹೌದಲ್ಲ" ಎಂದರು. ಹೇಳಿ ಹೋಗಿ ಮಹಡಿಗೆ ಮೋಲ್ಡು ಹಾಕಿಸಿದರು. ಈಗ ಅಡಿಕೆ ಒಣಗಿಸುವ ಅಟ್ಟಣಿಗೆಯನ್ನು ಉತ್ತರದ ಕಡೆಗೆ ಸರಿಸುವ ಯೋಚನೆಯಲ್ಲಿದ್ದೇನೆ. ಅಲ್ಲೊಂದು ಮಾವಿನ ಮರ ಇದೆ, ಅಜ್ಜಿ ನೆಟ್ಟದ್ದು.

ಪಾರಿಜಾತದ ಮನೆ
ಜೂನ್ 1, ಬೆಳಿಗ್ಗೆ 10.30

ಮಳೆಗಾಲಕ್ಕೆ ಮೊದಲು ಮುಗಿಯುತ್ತದೆ ಎಂಬ ಲೆಕ್ಕ ಮಳೆಯೇ ತಪ್ಪಿಸಿತು. ಪರವಾನಗಿ ಬಂದು ಪಾಯ ತೋಡುವಾಗಲೇ ಏಪ್ರಿಲ್ ಮುಗಿದಿತ್ತು. ಜೂನ್ ಎರಡನೆಯ ವಾರ ಎಂದುಕೊಂಡಿದ್ದ ಮಳೆ ಮೇ ಕೊನೆಯ ವಾರವೇ ಹಿಡಿದುಕೊಂಡಿದೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ಮೇಲೆ ನೀಲಿ ಟಾರ್ಪಾಲು. ಮದುವೆ ಆಯಿತು, ಹೊಸ ದಂಪತಿ ಸದ್ಯ ನಡುಮನೆಯಲ್ಲಿದ್ದಾರೆ. ಟಾರ್ಪಾಲಿನ ನೀರು ಎಲ್ಲಿಗೆ ಇಳಿಯುತ್ತಿದೆ ಗೊತ್ತೇ? ನಮ್ಮ ಕಡೆಗೆ. ಮಾವ ಮಳೆಯಲ್ಲೇ ಬಂದು ಹಗ್ಗ ಬಿಚ್ಚಿ ಇನ್ನೊಂದು ಬದಿಗೆ ಕಟ್ಟಿ ಹೋದರು.

ಚರಂಡಿ ಕೆಲಸ ಮೊದಲೇ ಮುಗಿಸಿದ್ದು ಒಳ್ಳೆಯದಾಯಿತು. ಮೊನ್ನೆಯ ರಾತ್ರಿ ಮಳೆಗೆ ತೂತಿನಿಂದ ಹೋದ ನೀರು ಎಲ್ಲೂ ನಿಲ್ಲದೆ ರಸ್ತೆ ಸೇರಿತು. ಟಾರ್ಚು ಹಿಡಿದು ನಾನೂ ಮಾವನ ಮಗನೂ ಕಾಂಪೌಂಡಿನ ಎರಡು ಕಡೆ ನಿಂತು ನೋಡಿದೆವು.

ಭೂಗೋಳದ ಮೇಷ್ಟ್ರು
ಜೂನ್ 1, ಮಧ್ಯಾಹ್ನ 3.00

ಬಿಸಿಲಿನ ಸಮಾಚಾರ ಹೇಳಲಿಲ್ಲ.

ಪಾರಿಜಾತದ ಮನೆ
ಜೂನ್ 1, ಸಂಜೆ 5.10

ಗೋಡೆ ಪೂರ್ತಿ ಎದ್ದ ಮೇಲೆ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದದ್ದು ಒಂಬತ್ತೂವರೆಗೆ ಬರಬಹುದು, ನಿಮ್ಮ ಅನುಪಾತ ಹಿಡಿದೇ ಲೆಕ್ಕ ಹಾಕಿದ್ದೇನೆ. ಬೆಳಕು ಸಾಕು. ಎಳೆಬಿಸಿಲು ಹೋಯಿತು. ಅಮ್ಮ ಆ ಕಿಟಕಿಯ ಕೆಳಗೆ ಕುಳಿತು ತಲೆ ಒಣಗಿಸಿಕೊಳ್ಳುತ್ತಿದ್ದಳು, ಈಗ ಜಗಲಿಗೆ ಬರುತ್ತಾಳೆ. ಒಂದು ಸಲವೂ ಅದರ ಬಗ್ಗೆ ಮಾತನಾಡಿಲ್ಲ, ಹಾಗಾಗಿ ನಾನೂ ಕೇಳಿಲ್ಲ.

ಗಾರೆ ಮೇಸ್ತ್ರಿ
ಜುಲೈ 20, ಬೆಳಿಗ್ಗೆ 6.30

ತಂಗೀ, ದೋಣಿ ಹೇಗಿದೆ? ಆರಿದ್ರಾ ಮುಗಿದು ಪುನರ್ವಸುವೂ ಮುಗಿಯಿತು.

ಪಾರಿಜಾತದ ಮನೆ
ಜುಲೈ 20, ಬೆಳಿಗ್ಗೆ 8.00

ಆರು ಇಂಚಿನದು ಹಾಕಿಸಿದೆವು. ಒಮ್ಮೆ ಮಾತ್ರ ಉಕ್ಕಿತು. ನೋಡಿದರೆ ಪಾರಿಜಾತದ ಎಲೆ ಕೊಳವೆಯ ಬಾಯಿಗೆ ಸಿಕ್ಕಿಕೊಂಡಿತ್ತು. ಅತ್ತೆ ಆಚೆಯಿಂದ ಕೂಗಿ ಹೇಳಿದರು, ನಮಗೆ ಗೊತ್ತೇ ಆಗಿರಲಿಲ್ಲ.

ಗಾರೆ ಮೇಸ್ತ್ರಿ
ಜುಲೈ 20, ಬೆಳಿಗ್ಗೆ 8.20

ಕೋಳಿ ಬಲೆ ಒಂದು ಗೇಣು ಕತ್ತರಿಸಿ, ಉಂಡೆ ಮಾಡಿ ಬಾಯಿಗೆ ಇಡಿ. ತುರುಕಬೇಡಿ, ಸುಮ್ಮನೆ ಕೂರಿಸಿ. ಹೂವು ಬೀಳುವ ಕಾಲಕ್ಕೆ ವಾರಕ್ಕೊಮ್ಮೆ ತೆಗೆದು ಕೊಡವಬೇಕು.